ಆ ಫೋಟೋದಲ್ಲಿ ಸ್ಪೇಸರ್ ಎಲ್ಲಿ?

ಮಾನ್ಯ ಸಂಪಾದಕರೇ,

ಮೇ ತಿಂಗಳ ಮೊದಲ ಮಂಗಳವಾರ ವಿಶ್ವ ಆಸ್ತಮಾ ದಿನ. ಆವತ್ತು ನಿಮ್ಮ ಆರೋಗ್ಯ ಪುಟದಲ್ಲಿ ಮಕ್ಕಳ ಆಸ್ತಮಾ ಬಗ್ಗೆ ಒಂದು ಲೇಖನ ಬಂದಿತ್ತು. ಲೇಖನದ ಬಗ್ಗೆ ನನ್ನದೇನೂ ತಕರಾರಿಲ್ಲ. ಚೆನ್ನಾಗಿಯೇ ಬರೆದಿದ್ದಾರೆ. ತಕರಾರು ಇರುವುದು ಅದರ ಮೇಲೆ ದೊಡ್ಡದಾಗಿ ಹಾಕಿದ್ದ ಫೋಟೋ ಬಗ್ಗೆ. ಎರಡು ಜಡೆ ಹಾಕಿದ ಹೆಣ್ಣುಮಗು. ಮೂರು ವರ್ಷ ಇರಬಹುದು. ನೀಲಿ ಪಂಪನ್ನು, ಅಂದರೆ ಇನ್‌ಹೇಲರನ್ನು, ತಲೆಕೆಳಗಾಗಿ ಹಿಡಿದು ಬಾಯಿಗೆ ಇಟ್ಟುಕೊಂಡಿದೆ. ಹಲ್ಲು ಕಾಣುವ ಹಾಗೆ ನಗುತ್ತಿದೆ, ಅಂದರೆ ತುಟಿ ಮುಚ್ಚಿಲ್ಲ. ಪಂಪಿಗೂ ಬಾಯಿಗೂ ನಡುವೆ ಇರಬೇಕಾದ ಸ್ಪೇಸರ್ ಎಂಬ ಕೊಳವೆ ಇಲ್ಲ, ಮಾಸ್ಕ್ ಇಲ್ಲ, ಪಕ್ಕದಲ್ಲಿ ದೊಡ್ಡವರು ಯಾರೂ ಇಲ್ಲ.

ಫೋಟೋ ತಾನೇ, ಹೋಗಲಿ ಬಿಡು ಎಂದು ಸುಮ್ಮನಾಗುತ್ತಿದ್ದೆ. ಆದರೆ ಗುರುವಾರ ಸಂಜೆ ಹೊಳಲು ಕಡೆಯ ಒಬ್ಬ ಹುಡುಗ ಅಂಗಡಿಗೆ ಬಂದ. ನಾಲ್ಕು ವರ್ಷದ ಮಗನಿಗೆ ಡಾಕ್ಟರ್ ಬರೆದ ಚೀಟಿ ಕೈಯಲ್ಲಿತ್ತು. ಚೀಟಿಯಲ್ಲಿ ಪಂಪು ಇತ್ತು, ಕೆಳಗೆ ಸ್ಪೇಸರ್ ಅಂತಲೂ ಇತ್ತು. ನಾನು ಎರಡೂ ತೆಗೆದು ಗಾಜಿನ ಮೇಲೆ ಇಟ್ಟೆ. ಅವನು ಜೇಬಿನಿಂದ ನಿಮ್ಮ ಪೇಪರಿನ ತುಂಡು ತೆಗೆದ. "ನೋಡಣ್ಣ, ಪೇಪರ್‌ನಲ್ಲಿ ಈ ಡಬ್ಬ ಇಲ್ವಲ್ಲ. ಬರೀ ಪಂಪ್ ಸಾಕು ಕೊಡು" ಅಂದ. ಕೂಲಿ ಮಾಡುವವನು. ಸ್ಪೇಸರ್‌ಗೆ ಇನ್ನೂ ನಾನೂರು ರೂಪಾಯಿ ಬೀಳುತ್ತಿತ್ತು. ಅವನ ತಪ್ಪೇನಿದೆ? ಅಚ್ಚಾದದ್ದನ್ನು ನಂಬಿದ, ಅಷ್ಟೇ. ಅದಕ್ಕೇ ಈ ಪತ್ರ.

ನಾನು ಡಾಕ್ಟರ್ ಅಲ್ಲ. ಮಂಡ್ಯದ ಗುತ್ತಲು ರಸ್ತೆಯಲ್ಲಿ 24 ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. ಡಿ.ಫಾರ್ಮ ಓದಿದವನು. ಕೆರಗೋಡು, ಬಸರಾಳು, ದುದ್ದ, ಶಿವಳ್ಳಿ ಕಡೆಯವರು ಆಸ್ಪತ್ರೆ ಮುಗಿಸಿ ಬಸ್ಸಿಗೆ ಹೋಗುವ ಮುಂಚೆ ನಮ್ಮಲ್ಲಿ ನಿಲ್ಲುತ್ತಾರೆ. ಮಂಜು ಬೀಳುವ ದಿನಗಳಲ್ಲಿ, ಆಲೆಮನೆ ಹೊಗೆ ಜಾಸ್ತಿ ಇರುವಾಗ, ಕಬ್ಬು ಕಡಿದ ಗದ್ದೆಯಲ್ಲಿ ತರಗು ಸುಡುವಾಗ ಉಬ್ಬಸದ ಚೀಟಿ ಹೆಚ್ಚುತ್ತೆ. ಹಳ್ಳಿಯ ಅಜ್ಜಿಯರು ಈಗಲೂ ಗೂರಲು ಅನ್ನುತ್ತಾರೆ. ಹುಡುಗರು ವೀಸಿಂಗ್ ಅನ್ನುತ್ತಾರೆ. ಕಾಯಿಲೆ ಒಂದೇ.

ಮೊದಲು ಪಂಪಿನ ವಿಷಯ. ಅದರೊಳಗೆ ಔಷಧದ ಜೊತೆ ಒತ್ತಡದಲ್ಲಿ ತುಂಬಿದ ಗ್ಯಾಸ್ ಇರುತ್ತೆ. ಒತ್ತಿದ ತಕ್ಷಣ ಔಷಧ ರಭಸದಿಂದ ಚಿಮ್ಮುತ್ತೆ. ಬರಿಯ ಪಂಪನ್ನು ಬಾಯಿಗಿಟ್ಟು ಒತ್ತಿದರೆ ಬಹುಪಾಲು ನಾಲಿಗೆಗೆ, ಗಂಟಲಿನ ಹಿಂದಿನ ಗೋಡೆಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತೆ. ಎದೆಗೆ ಇಳಿಯಬೇಕಾದರೆ ಒತ್ತುವುದೂ ಉಸಿರು ಎಳೆಯುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ಎಳೆಯುವುದು ನಿಧಾನಕ್ಕೆ, ಆಳವಾಗಿ. ಆಮೇಲೆ ಹತ್ತು ಎಣಿಸುವವರೆಗೆ ಬಿಗಿಹಿಡಿಯಬೇಕು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರಿಗೆ ಇದನ್ನು ಹೇಳಿಕೊಡಲು ನನಗೆ ನಾಲ್ಕು ದಿನ ಹಿಡಿಯಿತು. ಅವರು ಮೂವತ್ತು ವರ್ಷ ಮಕ್ಕಳಿಗೆ ಡ್ರಿಲ್ ಮಾಡಿಸಿದವರು. ಮೂರು ವರ್ಷದ ಮಗುವಿಗೆ "ಉಸಿರು ಎಳ್ಕೋ" ಅಂದರೆ ಏನು ಮಾಡುತ್ತೆ? ಹುಟ್ಟುಹಬ್ಬದ ಮೇಣದಬತ್ತಿ ಊದುವ ಹಾಗೆ ಊದುತ್ತೆ.

ಸ್ಪೇಸರ್ ಇರುವುದು ಈ ತಾಪತ್ರಯ ತಪ್ಪಿಸಲಿಕ್ಕೆ. ಒಂದು ಪ್ಲಾಸ್ಟಿಕ್ ಕೊಳವೆ. ಒಂದು ತುದಿಗೆ ಪಂಪು, ಇನ್ನೊಂದು ತುದಿಗೆ ಮಾಸ್ಕ್ ಅಥವಾ ಬಾಯಲ್ಲಿ ಕಚ್ಚಿಕೊಳ್ಳುವ ಮೌತ್‌ಪೀಸ್. ಚಿಮ್ಮಿದ ಔಷಧದ ರಭಸ ಅದರೊಳಗೆ ತಗ್ಗುತ್ತೆ. ದಪ್ಪ ಹನಿಗಳು ಗೋಡೆಗೆ ಅಂಟಿ ಉಳಿಯುತ್ತವೆ, ಸಣ್ಣವು ತೇಲುತ್ತಾ ಇರುತ್ತವೆ. ಮಗು ತನ್ನ ಪಾಡಿಗೆ ಐದಾರು ಸಲ ಉಸಿರಾಡಿದರೆ ಸಾಕು. ಒತ್ತುವ ಗಳಿಗೆ, ಎಳೆಯುವ ಗಳಿಗೆ ಎಂಬ ಲೆಕ್ಕವೇ ಇಲ್ಲ.

ಅಂದಹಾಗೆ ಈ ಪಂಪು ಹುಟ್ಟಿದ್ದೇ ಒಂದು ಮಗುವಿನ ಪ್ರಶ್ನೆಯಿಂದ. 1955ರಲ್ಲಿ ಅಮೆರಿಕದ ಒಂದು ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳಿಗೆ ಆಸ್ತಮಾ ಇತ್ತು. ಆಗಿನದ್ದು ಕೈಯಲ್ಲಿ ಒತ್ತುವ ಗಾಜಿನ ಸಾಧನ. ಕೂದಲಿಗೆ ಹೊಡೆಯುವ ಸ್ಪ್ರೇ ಥರ ನನ್ನ ಔಷಧವನ್ನೂ ಡಬ್ಬಿಯಲ್ಲಿ ಯಾಕೆ ಹಾಕಬಾರದು ಎಂದು ಅವಳು ಅಪ್ಪನನ್ನು ಕೇಳಿದಳು. ಮಾರನೇ ವರ್ಷವೇ, 1956ರಲ್ಲಿ, ಅದು ಮಾರುಕಟ್ಟೆಗೆ ಬಂತು. ಅವಳಿಗೆ 13 ವರ್ಷ, ಕಲಿತುಕೊಂಡಿರಬಹುದು. ನಿಮ್ಮ ಫೋಟೋದ ಮಗುವಿಗೆ ಮೂರು.

ಇನ್ನು ಯಾವ ವಯಸ್ಸಿಗೆ ಯಾವುದು. ಇದು ನನ್ನ ಸ್ವಂತದ್ದಲ್ಲ. ಆಸ್ತಮಾ ಚಿಕಿತ್ಸೆಗೆ ಜಗತ್ತಿನ ಡಾಕ್ಟರುಗಳು ನೋಡುವ ಗಿನಾ ಎಂಬ ಮಾರ್ಗಸೂಚಿ ಇದೆ, ಅದರಲ್ಲಿರುವುದು. ಮೂರು ವರ್ಷದವರೆಗೆ ಪಂಪು, ಸ್ಪೇಸರ್, ಮುಖಕ್ಕೆ ಮಾಸ್ಕ್. ನಾಲ್ಕು ಐದು ವರ್ಷಕ್ಕೆ ಪಂಪು, ಸ್ಪೇಸರ್, ಆದರೆ ಮಾಸ್ಕ್ ಬದಲು ಮೌತ್‌ಪೀಸ್. ಮಗು ಕಚ್ಚಿಕೊಳ್ಳಲು ಒಪ್ಪದಿದ್ದರೆ ಮಾಸ್ಕೇ ಇರಲಿ. ಔಷಧದ ಪುಡಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವ ಪುಡಿ ಇನ್‌ಹೇಲರ್ ಲೆಕ್ಕಕ್ಕೆ ಬರುವುದು ಆರರ ಮೇಲೆ, ಅದೂ ಮಗು ಸರಿಯಾಗಿ ಎಳೆಯುತ್ತೆ ಎಂದು ನೋಡಿದ ಮೇಲೆ.

ಪುಡಿ ಇನ್‌ಹೇಲರ್ ಅಂದೆ. ಅದರ ಬಗ್ಗೆ ನನ್ನದೊಂದು ತಪ್ಪೊಪ್ಪಿಗೆ ಇದೆ.

ಎಂಟು ಒಂಬತ್ತು ವರ್ಷದ ಹಿಂದಿನ ಮಾತು. ದುದ್ದ ಕಡೆಯ ಒಬ್ಬ ಅಜ್ಜಿ ಐದು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಚೀಟಿಯಲ್ಲಿ ಪುಡಿ ತುಂಬಿದ ಕ್ಯಾಪ್ಸೂಲ್, ಅದನ್ನು ಹಾಕಿ ಎಳೆಯುವ ಸಾಧನ, ಎರಡೂ ಇತ್ತು. ಸಂಜೆ ಆರು ಗಂಟೆ, ಅಂಗಡಿ ಮುಂದೆ ಜನ. ಕವರಿಗೆ ಹಾಕಿ ಕೊಟ್ಟೆ. "ಬೆಳಿಗ್ಗೆ ಒಂದು, ರಾತ್ರಿ ಒಂದು" ಅಂದೆ. ಅಷ್ಟೇ ಅಂದದ್ದು. ಹದಿನೈದು ದಿನ ಬಿಟ್ಟು ಅಜ್ಜಿ ಮತ್ತೆ ಬಂದರು. "ಮಾತ್ರೆ ಮುಗೀತು ಕಣಪ್ಪ, ಇನ್ನೊಂದ್ ಡಬ್ಬಿ ಕೊಡು. ಕೂಸಿಗೆ ಗುಣವೇ ಕಾಣ್ಲಿಲ್ಲ" ಅಂದರು. ಸಾಧನ ಸರಿಯಾಗಿ ಎಳೆಯುತ್ತಾಳಾ ಎಂದು ಕೇಳಿದೆ. ಅಜ್ಜಿ ಮುಖ ಮುಖ ನೋಡಿದರು. "ಅದ್ಯಾಕಪ್ಪ? ಆಟದ ಸಾಮಾನು ಅಂತ ಮಗ ಆಡ್ಕೊತಾ ಅದೆ. ಮಾತ್ರೆ ನೀರಲ್ಲಿ ನುಂಗಿಸ್ತಾ ಇವ್ನಿ."

ಮೂವತ್ತು ಕ್ಯಾಪ್ಸೂಲ್ ಹೊಟ್ಟೆಗೆ ಹೋಗಿತ್ತು. ಸದ್ಯ, ಬೇರೆ ತೊಂದರೆ ಏನೂ ಆಗಲಿಲ್ಲ. ಆದರೆ ಆ ಹದಿನೈದು ರಾತ್ರಿ ಆ ಮಗು ಕೂತುಕೊಂಡೇ ನಿದ್ದೆ ಮಾಡಿತ್ತಂತೆ. ನನಗೆ ಅದನ್ನು ಕೇಳಿ ಏನು ಹೇಳಬೇಕೋ ತೋಚಲಿಲ್ಲ. ಕ್ಯಾಪ್ಸೂಲ್ ಅಂದರೆ ನುಂಗುವುದು ಎಂದು ಯಾರಿಗಾದರೂ ಅನ್ನಿಸುತ್ತೆ. ನುಂಗಬೇಡಿ ಎಂಬ ಒಂದು ಮಾತು ಹೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು?

ಆಮೇಲೆ ಎಳೆಯುವುದನ್ನು ಅಂಗಡಿಯಲ್ಲೇ ತೋರಿಸಿದೆ. ಆಗ ಇನ್ನೊಂದು ತೊಡಕು ಕಂಡಿತು. ಪಂಪಿಗೂ ಪುಡಿಗೂ ಗುಣ ಉಲ್ಟಾ. ಪಂಪಿನಲ್ಲಿ ದೂಡಲು ಗ್ಯಾಸ್ ಇದೆ. ಪುಡಿಯಲ್ಲಿ ಗ್ಯಾಸ್ ಇಲ್ಲ, ಮಗು ಎಳೆದ ಉಸಿರೇ ಪುಡಿಯನ್ನು ಒಡೆದು ಒಳಗೆ ಒಯ್ಯಬೇಕು. ಅದಕ್ಕೆ ಜೋರಾಗಿ, ಮೊದಲ ಕ್ಷಣದಿಂದಲೇ ರಭಸವಾಗಿ ಎಳೆಯಬೇಕು. ಮದ್ದೂರಿನಲ್ಲಿ ಎಳನೀರು ಕುಡಿಯುವಾಗ ತಳದಲ್ಲಿ ಉಳಿದ ಕೊನೆ ಗುಟುಕನ್ನು ಸ್ಟ್ರಾನಲ್ಲಿ ಸೊರ್ರ್ ಅಂತ ಎಳೆಯುತ್ತೇವಲ್ಲ, ಹಾಗೆ. ಐದು ವರ್ಷದ ಆ ಹುಡುಗಿ ಎಳೆದದ್ದು ಸಾಲಲಿಲ್ಲ. ಅರ್ಧ ಪುಡಿ ಒಳಗೇ ಉಳಿಯಿತು. ಅವಳು ವಾಪಸ್ ಊದಿದಾಗ ಉಳಿದದ್ದೂ ತೇವ ಹಿಡಿದು ಗಂಟಾಯಿತು. ಮಳೆಗಾಲದಲ್ಲಿ ಕ್ಯಾಪ್ಸೂಲ್ ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಯಲ್ಲಿ ಇಟ್ಟರೂ ಇದೇ ಗತಿ. ಅವಳ ಚೀಟಿ ಬರೆದವರಿಗೆ ಹೇಳಿ ಕಳಿಸಿದೆ. ಅವರು ಬೇಸರ ಮಾಡಿಕೊಳ್ಳದೆ ಪಂಪು, ಸ್ಪೇಸರ್‌ಗೆ ಬದಲಾಯಿಸಿಕೊಟ್ಟರು.

ಎಂಟು ಹತ್ತು ವರ್ಷದ ಮಕ್ಕಳಿಗೆ ಪುಡಿ ಇನ್‌ಹೇಲರ್ ಚೆನ್ನಾಗೇ ಒಗ್ಗುತ್ತೆ. ಚಿಕ್ಕದು, ಸ್ಕೂಲ್ ಬ್ಯಾಗಿನಲ್ಲಿ ಹಿಡಿಯುತ್ತೆ, ಖರ್ಚೂ ಕಮ್ಮಿ. ಅದನ್ನು ಬೇಡ ಅನ್ನುತ್ತಿಲ್ಲ. ಆದರೆ ಉಬ್ಬಸ ಏರಿ ಉಸಿರೇ ಸಾಲದೆ ಇರುವಾಗ ದೊಡ್ಡ ಮಗುವೂ ಜೋರಾಗಿ ಎಳೆಯಲಾರದು. ಆ ಹೊತ್ತಿಗೆಂದು ಮನೆಯಲ್ಲಿ ತಕ್ಷಣ ಉಸಿರು ಬಿಡಿಸುವ ಒಂದು ನೀಲಿ ಪಂಪು, ಒಂದು ಸ್ಪೇಸರ್ ಇರಲಿ.

ಇಷ್ಟೆಲ್ಲಾ ಗೊತ್ತಾದ ಮೇಲೂ ನಾನು ಮತ್ತೆ ಮುಗ್ಗರಿಸಿದೆ. ಈ ಸಲ ನನ್ನ ಮನೆಯಲ್ಲೇ.

ಮಗಳನ್ನು ಮೈಸೂರಿಗೆ ಕೊಟ್ಟಿದ್ದೇವೆ. ಕುವೆಂಪುನಗರದಲ್ಲಿ ಮನೆ. ಮೊಮ್ಮಗನಿಗೆ ಎರಡೂವರೆ ವರ್ಷ ಇದ್ದಾಗ ದೀಪಾವಳಿಗೆ ಮಂಡ್ಯಕ್ಕೆ ಬಂದಿದ್ದರು. ಬೀದಿ ತುಂಬಾ ಪಟಾಕಿ ಹೊಗೆ. ರಾತ್ರಿ ಎರಡು ಗಂಟೆಗೆ ಮಗಳು ಎಬ್ಬಿಸಿದಳು. ಮಗುವಿನ ಎದೆಯಲ್ಲಿ ಸುಂಯ್ ಸುಂಯ್ ಸದ್ದು, ಪಕ್ಕೆ ಒಳಗೆ ಎಳೆಯುತ್ತಿದೆ, ಮಾತಿಲ್ಲ. ಆಸ್ಪತ್ರೆಗೆ ಓಡಿದೆವು. ಆಮ್ಲಜನಕ ಕೊಟ್ಟು ನೆಬ್ಯುಲೈಸ್ ಮಾಡಿದರು, ಅಂದರೆ ಮಿಷನ್‌ನಲ್ಲಿ ಔಷಧವನ್ನು ಆವಿ ಥರ ಮಾಡಿ ಮಾಸ್ಕಿನಿಂದ ಕೊಟ್ಟರು. ಬೆಳಿಗ್ಗೆಯ ಹೊತ್ತಿಗೆ ಸರಿಹೋಯಿತು. ಮಾರನೇ ದಿನ ನಾನು ಮೆಡಿಕಲ್ ಸ್ಟೋರ್ ತಾತ ಅಲ್ಲವಾ, ಅಂಗಡಿಯಲ್ಲಿದ್ದ ಒಳ್ಳೆಯ ನೆಬ್ಯುಲೈಸರ್ ಮಿಷನ್ ಒಂದನ್ನು ಮೈಸೂರಿಗೆ ಕೊಟ್ಟು ಕಳಿಸಿದೆ. ದೊಡ್ಡ ಮಿಷನ್, ಜೋರು ಸದ್ದು, ಆವಿ ಕಣ್ಣಿಗೆ ಕಾಣುತ್ತೆ. ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡೆ.

ಮೊಮ್ಮಗ ಆ ಸದ್ದಿಗೆ ಮಂಚದ ಕೆಳಗೆ ಸೇರುತ್ತಿದ್ದ. ಹಿಡಿದು ಕೂರಿಸಿದರೆ ಕಿರುಚಾಟ. ಹತ್ತು ನಿಮಿಷ ಹಿಡಿದಿರಬೇಕು. ಕರೆಂಟ್ ಹೋದರೆ ಅದೂ ಇಲ್ಲ. ಕೊನೆಗೆ ಮಗಳು ಒಂದು ಉಪಾಯ ಮಾಡಿದಳು. ಮಾಸ್ಕನ್ನು ಮುಖಕ್ಕೆ ಮುಟ್ಟಿಸದೆ ನಾಲ್ಕು ಬೆರಳು ದೂರ ಹಿಡಿದು, ಆವಿ ಮೂಗಿನ ಕಡೆ ಹೋಗಲಿ ಎಂದು ಬಿಡುತ್ತಿದ್ದಳು. ಅವನು ಅಳುತ್ತಿರಲಿಲ್ಲ. ಎಲ್ಲರಿಗೂ ನೆಮ್ಮದಿ. ಕೆಮ್ಮು ಮಾತ್ರ ನಿಲ್ಲಲಿಲ್ಲ.

ಮೈಸೂರಿನ ಮಕ್ಕಳ ಡಾಕ್ಟರಮ್ಮ ಒಬ್ಬರ ಹತ್ತಿರ ಹೋದೆವು. "ಮಿಷನ್ ಯಾರು ತಗೊಳ್ಳಿ ಅಂದ್ರು?" ಎಂದು ಕೇಳಿದರು. ನಾನೇ ಎಂದೆ. ನಾಲ್ಕು ಬೆರಳು ದೂರ ಹಿಡಿಯುವುದನ್ನು ಮಗಳು ಹೇಳಿದಳು. ಡಾಕ್ಟರಮ್ಮ ತಲೆ ಚಚ್ಚಿಕೊಳ್ಳಲಿಲ್ಲ ಅಷ್ಟೇ. ಮಾಸ್ಕ್ ಮುಖಕ್ಕೆ ಅಂಟಿಕೊಂಡಿರದಿದ್ದರೆ ಔಷಧ ಕೋಣೆಗೆ ಹೋಗುತ್ತೆ, ಮಗುವಿಗಲ್ಲ ಅಂದರು. ಅತ್ತರೂ ಅಷ್ಟೇ. ಅಳುವಾಗ ಉಸಿರು ಉದ್ದಕ್ಕೆ ಹೊರಗೆ ಹೋಗಿ, ಒಳಗೆ ಬರುವುದು ಒಂದೇ ಸಲ ಗಕ್ಕಂತ. ಔಷಧ ಗಂಟಲಲ್ಲೇ ನಿಲ್ಲುತ್ತೆ. ಮಲಗಿದ್ದಾಗ ಹಾಕಿದರೆ ಎಂದು ಕೇಳಿದೆ. ಅದೂ ನಂಬುವ ಹಾಗಿಲ್ಲವಂತೆ. ಎಷ್ಟೋ ಮಕ್ಕಳು ಎಚ್ಚರವಾಗಿ ಇನ್ನೂ ಜೋರಾಗಿ ಅಳುತ್ತವೆ.

ಆಮೇಲೆ ಮಾಸ್ಕ್ ಇರುವ ಸ್ಪೇಸರ್ ಒಂದನ್ನು ತೆಗೆದು ನನ್ನ ಕೈಗೇ ಕೊಟ್ಟರು. "ನೀವು ಮಾರೋರು ಅಲ್ವಾ, ತೋರಿಸಿ" ಅಂದರು. ತೋರಿಸಿದೆ. ಪಂಪನ್ನು ಅಲ್ಲಾಡಿಸುವುದು ಮರೆತೆ. ಎರಡು ಸಲ ಒಟ್ಟಿಗೆ ಒತ್ತಿದೆ. ಮಾಸ್ಕನ್ನು ಗಲ್ಲದ ಹತ್ತಿರ ಎತ್ತಿ ಹಿಡಿದಿದ್ದೆ, ಕೆಳಗಿನಿಂದ ಸಂದಿ. ಮೂರು ಉಸಿರಿಗೆ ತೆಗೆದುಬಿಟ್ಟೆ. ಅಷ್ಟು ವರ್ಷ ಇದನ್ನೇ ಮಾರಿದವನು ಮಗಳು ಅಳಿಯನ ಮುಂದೆ ಫೇಲಾದೆ. ಮುಖ ಬಿಸಿಯಾಯಿತು.

ಅವರು ತೋರಿಸಿದ್ದು ಎರಡು ನಿಮಿಷ. ಮುಚ್ಚಳ ತೆಗೆ. ಅಲ್ಲಾಡಿಸು. ಪಂಪನ್ನು ನೆಟ್ಟಗೆ ಹಿಡಿದು ಸ್ಪೇಸರ್‌ಗೆ ಸಿಕ್ಕಿಸು. ಮಗು ತೊಡೆ ಮೇಲೆ, ಬೆನ್ನು ನಿನ್ನ ಎದೆಗೆ. ಮೂಗು ಬಾಯಿ ಎರಡೂ ಮುಚ್ಚುವ ಹಾಗೆ ಮಾಸ್ಕ್ ಒತ್ತು. ಒಂದೇ ಸಲ ಒತ್ತು. ಐದಾರು ಉಸಿರು ಎಣಿಸು. ಎರಡನೆಯದು ಬೇಕಿದ್ದರೆ ಮತ್ತೆ ಅಲ್ಲಾಡಿಸು, ಮತ್ತೆ ಮೊದಲಿನಿಂದ. ಉಬ್ಬಸ ಬರದಂತೆ ದಿನಾ ಹಾಕುವ ಸ್ಟಿರಾಯ್ಡ್ ಪಂಪಾಗಿದ್ದರೆ ಮುಗಿದ ಮೇಲೆ ಮಗುವಿನ ಮುಖ ಒರೆಸಿ ಬಾಯಿ ಮುಕ್ಕಳಿಸಲು ಹೇಳು, ಇಲ್ಲವೇ ಎರಡು ಗುಟುಕು ನೀರು ಕುಡಿಸು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಬರಬಹುದು. ಮೊಮ್ಮಗನಿಗೆ ಮೊದಲು ಅವನ ಗೊಂಬೆ ಕರಡಿಗೆ ಹಾಕಲು ಹೇಳಿದರು. ಕರಡಿಗೆ ಹಾಕಿದ, ಅಜ್ಜಿಗೆ ಹಾಕಿದ, ಮೂರನೇ ದಿನ ತಾನೇ ಹಾಕಿಸಿಕೊಂಡ. ಈಗ ಅರ್ಧ ನಿಮಿಷದ ಕೆಲಸ.

ಹಾಗಾದರೆ ನೆಬ್ಯುಲೈಸರ್ ದಂಡವಾ? ಅಲ್ಲ. ಜೀವಕ್ಕೇ ಕುತ್ತು ಬರುವಂಥ ಉಬ್ಬಸದಲ್ಲಿ ಆಮ್ಲಜನಕದ ಜೊತೆ ಅದು ಬೇಕು. ಸ್ಪೇಸರ್ ಒಪ್ಪದ ಮಕ್ಕಳಿಗೂ ಬೇಕು. ಆದರೆ ಉಳಿದಂತೆ, ಆಸ್ಪತ್ರೆಯಲ್ಲಿ ಕೂಡ ಸ್ಪೇಸರ್ ಅದಕ್ಕೇನೂ ಕಡಿಮೆ ಇಲ್ಲ ಎಂದು ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳಿದ್ದಾರೆ. ಸ್ಪೇಸರ್ ಪಡೆದ ಮಕ್ಕಳು ತುರ್ತು ಘಟಕದಿಂದ ಬೇಗ ಹೊರಗೆ ಬಂದರು, ಎದೆಬಡಿತವೂ ಅಷ್ಟಾಗಿ ಏರಲಿಲ್ಲ. ನಮ್ಮ ಕಡೆ ಮಿಷನ್ ಇಟ್ಟರೆ ಮಾತ್ರ ಟ್ರೀಟ್‌ಮೆಂಟ್ ಎಂಬ ನಂಬಿಕೆ ಇದೆ. ಅದನ್ನು ಬೆಳೆಸಿದವರಲ್ಲಿ ನಾನೂ ಒಬ್ಬ. ಒಂದು ಮಿಷನ್ ಮಾರಿದರೆ ನನಗೆ ಉಳಿಯುವುದು ನಾಲ್ಕು ಸ್ಪೇಸರ್ ಮಾರಿದರೂ ಉಳಿಯುವುದಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಸಿರಪ್ ವಿಷಯ ಬೇರೆ. ದಿನಕ್ಕೆ ಒಬ್ಬರಾದರೂ "ಪಂಪ್ ಬೇಡಣ್ಣ, ಅಭ್ಯಾಸ ಆಗ್ಬುಡ್ತದೆ, ಸಿರಪ್ಪೇ ಕೊಡು" ಅನ್ನುತ್ತಾರೆ. ಅವರಿಗೆ ಅಂಗಡಿಯ ಲೆಕ್ಕದಲ್ಲೇ ಹೇಳುತ್ತೇನೆ. ಉಬ್ಬಸ ಇಳಿಸುವ ಸಾಲ್ಬುಟಮಾಲ್ ಎಂಬ ಔಷಧದ ಸಿರಪ್ 5 ಎಂ.ಎಲ್.ನಲ್ಲಿ 2 ಮಿಲಿಗ್ರಾಂ ಇರುತ್ತೆ. ಅದೇ ಔಷಧ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಅಂದರೆ ಒಂದು ಚಮಚ ಸಿರಪ್ಪಿನಲ್ಲಿ 20 ಪಂಪಿನಷ್ಟು ಔಷಧ. ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲಾ ಸುತ್ತಿ, ಎಲ್ಲೋ ಒಂದಿಷ್ಟು ಎದೆಗೆ ಬರುತ್ತೆ. ಅಷ್ಟರಲ್ಲಿ ಮಗುವಿನ ಕೈ ನಡುಗುತ್ತೆ, ಎದೆ ಡಬಡಬ ಅನ್ನುತ್ತೆ. ಯಾವುದು ಜಾಸ್ತಿ ಔಷಧ, ನೀವೇ ಹೇಳಿ ಅನ್ನುತ್ತೇನೆ. ಅರ್ಧ ಜನ ಒಪ್ಪುತ್ತಾರೆ. ಇನ್ನರ್ಧ ಪಕ್ಕದ ಅಂಗಡಿಗೆ ಹೋಗಿ ಸಿರಪ್ ತೆಗೆದುಕೊಳ್ಳುತ್ತಾರೆ.

ಸ್ಟಿರಾಯ್ಡ್ ಪಂಪಿನ ಭಯ ಮಾತ್ರ ಪೂರ್ತಿ ಸುಳ್ಳಲ್ಲ. ಚಿಕ್ಕಂದಿನಲ್ಲಿ ನಾಲ್ಕೈದು ವರ್ಷ ದಿನಾ ಬುಡೆಸೊನೈಡ್ ಎಂಬ ಸ್ಟಿರಾಯ್ಡ್ ಎಳೆದುಕೊಂಡ ಮಕ್ಕಳು ದೊಡ್ಡವರಾದಾಗ ಸುಮಾರು 1.2 ಸೆಂಟಿಮೀಟರ್ ಕಮ್ಮಿ ಎತ್ತರ ಇದ್ದರು ಎಂದು ಅಮೆರಿಕದ ಒಂದು ಅಧ್ಯಯನ 2012ರಲ್ಲಿ ಹೇಳಿತು. ಒಂದು ಬೆರಳಿನ ಅಗಲವೂ ಇಲ್ಲ. ವರ್ಷಕ್ಕೆ ನಾಲ್ಕು ಸಲ ಆಸ್ಪತ್ರೆ ಸೇರುವ ಮಗುವಿನ ಅಮ್ಮನಿಗೆ ಇದನ್ನು ಮುಚ್ಚಿಡದೆ ಹೇಳಿದರೆ ಅವಳೇ ಲೆಕ್ಕ ಹಾಕುತ್ತಾಳೆ.

ಮನೆಯಲ್ಲಿ ಆಗುವ ಸಣ್ಣ ಸಣ್ಣ ಎಡವಟ್ಟುಗಳು ಬೇಕಾದಷ್ಟಿವೆ. ನಮ್ಮ ಮನೆಯವರು ಹೊಸ ಸ್ಪೇಸರನ್ನು ಸ್ಟೀಲ್ ಪಾತ್ರೆ ಥರ ಬಟ್ಟೆಯಲ್ಲಿ ತಿಕ್ಕಿ ಫಳಫಳ ಮಾಡಿಟ್ಟಿದ್ದರು. ಬಾಚಣಿಗೆ ತಲೆಗೆ ಉಜ್ಜಿ ಪೇಪರ್ ಚೂರು ಎತ್ತುತ್ತಿದ್ದೆವಲ್ಲ ಸ್ಕೂಲಲ್ಲಿ, ಅದೇ ಕಥೆ. ಉಜ್ಜಿದ ಪ್ಲಾಸ್ಟಿಕ್ ಔಷಧದ ಕಣಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತೆ, ಮಗುವಿಗೆ ಸಿಗುವುದು ಕಮ್ಮಿಯಾಗುತ್ತೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಮತ್ತೆ ಬರೀ ನೀರಲ್ಲಿ ಜಾಲಿಸದೆ, ಒರೆಸದೆ, ಗಾಳಿಗೆ ಒಣಗಲು ಬಿಡಬೇಕು. ಮಾಸ್ಕ್ ಅಥವಾ ಮೌತ್‌ಪೀಸ್ ಮಾತ್ರ ಒರೆಸಿ, ಸೋಪು ಬಾಯಿಗೆ ಹೋಗಬಾರದು. ಮೊದಲ ಸಲ ಬಳಸುವ ಮುಂಚೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಸಾಕು. ಈಗ ಉಜ್ಜಿದರೂ ಹಾಗೆ ಎಳೆಯದಂಥ ಪ್ಲಾಸ್ಟಿಕ್‌ನವೂ ಬರುತ್ತವೆ.

ಇನ್ನೊಂದು, ಪಂಪು ಖಾಲಿಯಾದದ್ದು ಗೊತ್ತಾಗದಿರುವುದು. ಲೋಟದ ನೀರಲ್ಲಿ ಹಾಕಿ, ತೇಲಿದರೆ ಖಾಲಿ ಎಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೆ. ಅದು ನಂಬುವ ಪರೀಕ್ಷೆಯಲ್ಲ. ಅಲ್ಲಾಡಿಸಿದರೆ ಗುಳುಗುಳು ಅನ್ನುವುದು ಬರೀ ಗ್ಯಾಸ್ ಇದ್ದರೂ ಅನ್ನುತ್ತೆ. ಲೆಕ್ಕ ಇಡುವುದೇ ದಾರಿ. 200 ಒತ್ತಿನ ಪಂಪು, ಬೆಳಿಗ್ಗೆ ಎರಡು ರಾತ್ರಿ ಎರಡು ಅಂದರೆ 50 ದಿನ. ಈಗ ನಾನು ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಮುಗಿಯುವ ತಾರೀಕು ಬರೆದೇ ಕೊಡುತ್ತೇನೆ. ಎಣಿಸುವ ಮೀಟರ್ ಇರುವ ಪಂಪುಗಳೂ ಇವೆ.

ಹೊಳಲಿನ ಆ ಹುಡುಗನ ವಿಷಯಕ್ಕೆ ವಾಪಸ್ ಬರುತ್ತೇನೆ. ನಾನೂರು ರೂಪಾಯಿ ಅವನಿಗೆ ಒಂದು ದಿನದ ಕೂಲಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಬಡ ಮಕ್ಕಳಿಗೆಂದು ಅಲ್ಲಿನ ಡಾಕ್ಟರುಗಳು ಒಂದು ಪ್ರಯೋಗ ಮಾಡಿದ್ದರು. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಕೂರುವಷ್ಟೇ ತೂತು ಕೊರೆದು, ಸಂದಿಯನ್ನು ಅಂಟು ಹಾಕಿ ಮುಚ್ಚಿ, ಬಾಟಲಿಯ ಬಾಯಿಂದ ಮಗು ಉಸಿರಾಡುವ ಹಾಗೆ ಮಾಡಿದರು. ಉಬ್ಬಸದಲ್ಲಿ ಬಂದ ಮಕ್ಕಳಿಗೆ ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು. 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಅದು ಬಂತು. ಥರ್ಮೋಕೋಲ್ ಲೋಟದಲ್ಲಿ ಮಾಡಿದ್ದು ಮಾತ್ರ ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಬಾಟಲಿ ಸ್ಪೇಸರ್ ಮಾಡಬೇಕಾದರೆ ಡಾಕ್ಟರಿಗೆ ತೋರಿಸಿಯೇ ಮಾಡಿ. ಚೂಪಾದ ಅಂಚು ಬಾಯಿಗೆ ತಾಗಬಾರದು, ಸಂದಿ ಇರಬಾರದು, ಮಗು ಬಾಯಿಂದ ಉಸಿರಾಡುವಷ್ಟು ದೊಡ್ಡದಿರಬೇಕು. ಬರಿಯ ಪಂಪಿಗಿಂತ ಎಷ್ಟೋ ವಾಸಿ. ಆ ಹುಡುಗನಿಗೆ ನಾನು ಸ್ಪೇಸರನ್ನೇ ಕೊಟ್ಟೆ, ದುಡ್ಡು ಎರಡು ಕಂತಿನಲ್ಲಿ ಕೊಡು ಎಂದೆ. ನೂರು ಕೊಟ್ಟಿದ್ದಾನೆ.

ಕೇಳಬೇಕಾದವರನ್ನು ಕೇಳಿಬಿಡುತ್ತೇನೆ. 2025ರ ಆಸ್ತಮಾ ದಿನದ ಘೋಷಣೆಯೇ ಉಸಿರಿನಲ್ಲಿ ಎಳೆಯುವ ಔಷಧ ಎಲ್ಲರಿಗೂ ಸಿಗಲಿ ಎಂಬುದಾಗಿತ್ತು. ಪಂಪು ಕೊಟ್ಟು ಸ್ಪೇಸರ್ ಹೊರಗೆ ತಗೊಳ್ಳಿ ಅಂದರೆ ಐದು ವರ್ಷದ ಒಳಗಿನ ಮಗುವಿಗೆ ಕೊಟ್ಟ ಹಾಗೆ ಆಗುವುದಿಲ್ಲ. ಮಕ್ಕಳಿಗೆ ಪಂಪು ಕೊಡುವ ಕಡೆಯಲ್ಲೆಲ್ಲಾ ಅದರ ಜೊತೆ ಸ್ಪೇಸರೂ ಉಚಿತವಾಗಿ ಇರಲಿ. ಡಾಕ್ಟರುಗಳು ಚೀಟಿಯಲ್ಲಿ ಬರೀ ಇನ್‌ಹೇಲರ್ ಎಂದು ಬರೆಯದೆ ಸ್ಪೇಸರ್, ಮಾಸ್ಕ್ ಎಷ್ಟನೆಯ ಸೈಜು ಎಂದೂ ಬರೆಯಲಿ. ನಮ್ಮ ಅಂಗಡಿಯವರ ಸಂಘದ ಮಿತ್ರರಿಗೂ ಒಂದು ಮಾತು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮದಲ್ಲಿ, ಔಷಧ ಬಳಸುವುದನ್ನು ಗಿರಾಕಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟ್ ಕೆಲಸ ಎಂದೇ ಇದೆ. ಸ್ಪೇಸರ್ ಜಾಗ ತಿನ್ನುತ್ತೆ, ತಿಂಗಳಿಗೆ ಎರಡು ಹೋದರೆ ಹೆಚ್ಚು, ಗೊತ್ತು. ಆದರೂ ಎರಡಾದರೂ ಇಟ್ಟುಕೊಳ್ಳೋಣ. ಒಂದು ಹಳೆಯದನ್ನು ತೋರಿಸಲಿಕ್ಕೆ ಇಟ್ಟುಕೊಳ್ಳೋಣ. ನಾನು ಈಗ ಕೊಡುವ ಮುಂಚೆ ತೋರಿಸುತ್ತೇನೆ, ಮುಂದಿನ ಸಲ ಬಂದಾಗ ಅವರಿಂದ ಮಾಡಿಸಿ ನೋಡುತ್ತೇನೆ. ಒಂದು ಸಲ ಕಲಿತವರೂ ತಿಂಗಳಲ್ಲಿ ಮರೆಯುತ್ತಾರೆ. ಮೊನ್ನೆ ಒಬ್ಬರು ಮುಚ್ಚಳ ತೆಗೆಯದೆ ಒತ್ತಿ ತೋರಿಸಿದರು.

ಇನ್ನೊಂದು ತಿಂಗಳಿಗೆ ಮೃಗಶಿರ ಮಳೆ. ಉಬ್ಬಸಕ್ಕೆಂದು ಮೀನಿನ ಜೊತೆ ನುಂಗಿಸುವ ಮದ್ದಿಗೆ ನಮ್ಮ ಕಡೆಯಿಂದಲೂ ಜನ ಹೈದರಾಬಾದಿಗೆ ಹೊರಡುತ್ತಾರೆ. ಮಕ್ಕಳನ್ನೂ ಎತ್ತಿಕೊಂಡು ಹೋಗುತ್ತಾರೆ. ಹೋಗಬೇಡಿ ಎಂದು ನಾನು ಅಂದರೆ ಯಾರೂ ಕೇಳುವುದಿಲ್ಲ. ಪಂಪು ನಿಲ್ಲಿಸಬೇಡಿ, ಸ್ಪೇಸರನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿ ಎಂದಷ್ಟೇ ಹೇಳುತ್ತಾ ಇದ್ದೇನೆ. ರೈಲಿನ ನೂಕುನುಗ್ಗಲಲ್ಲಿ ಉಬ್ಬಸ ಏರಿದರೆ ಮೀನು ಸಿಗುವ ತನಕ ಕಾಯಲು ಆಗುತ್ತಾ?

ಪತ್ರ ಉದ್ದವಾಯಿತು. ಎಲ್ಲಾ ಹಾಕಲು ಜಾಗ ಇಲ್ಲದಿದ್ದರೆ ಬೇಡ, ನನ್ನ ಅಜ್ಜಿ ಕಥೆ ತೆಗೆದುಬಿಡಿ. ಆದರೆ ಆ ಫೋಟೋ ಬದಲಾಯಿಸಿ ಇನ್ನೊಂದನ್ನು ಹಾಕಿ. ಸಿಗಲಿಲ್ಲ ಅನ್ನಬೇಡಿ. ಮೊಮ್ಮಗನಿಗೆ ಈಗ ನಾಲ್ಕು ತುಂಬಿದೆ, ಹೋದ ತಿಂಗಳಷ್ಟೇ ಮಾಸ್ಕ್ ಬಿಟ್ಟು ಮೌತ್‌ಪೀಸಿಗೆ ಬಂದ. ತಾನೇ ಉಸಿರು ಎಣಿಸುತ್ತಾನೆ, ನಾಲ್ಕಾದ ಮೇಲೆ ಆರು ಅನ್ನುತ್ತಾನೆ, ಅದೊಂದು ತಿದ್ದಬೇಕು. ಭಾನುವಾರ ಮಂಡ್ಯಕ್ಕೆ ಬರುತ್ತಾನೆ. ನಿಮ್ಮ ಫೋಟೋಗ್ರಾಫರ್ ಅವರನ್ನು ಕಳಿಸಿ. ಬೆಳಿಗ್ಗೆಯೇ ಬರಲಿ, ಮಧ್ಯಾಹ್ನ ಎರಡರ ಮೇಲೆ ಅವನು ಮಲಗಿರುತ್ತಾನೆ.

ಇತಿ,
ಒಬ್ಬ ಮೆಡಿಕಲ್ ಸ್ಟೋರ್‌ನವನು,
ಗುತ್ತಲು ರಸ್ತೆ, ಮಂಡ್ಯ